ಸಿಡಿಲು ಬಡಿದ ತೆಂಗಿನ ಮರದಿಂದ ಹಕ್ಕಿಗಳಿಗೆ ಪೊಟರೆ

ತಿಪಟೂರು ಸೀಮೆಯ ತೋಟಗಳಲ್ಲಿ ಸತ್ತ ತೆಂಗಿನ ಮರವನ್ನು ಯಾರೂ ಹೆಚ್ಚು ದಿನ ನಿಲ್ಲಿಸುವುದಿಲ್ಲ. ನಿಲ್ಲಿಸಲೂ ಬಾರದು. ಕೊಳೆಯುವ ಕಾಂಡದೊಳಗೆ ಕೊಂಬಿನ ದುಂಬಿ ಮೊಟ್ಟೆ ಇಡುತ್ತದೆ. ಬೆರಳು ದಪ್ಪದ ಬಿಳಿ ಮರಿಹುಳು ಅಲ್ಲೇ ತಿಂದು ಬೆಳೆದು, ದುಂಬಿಯಾಗಿ ಹಾರಿ, ಪಕ್ಕದ ಮರದ ಸುಳಿ ಕೊರೆಯುತ್ತದೆ. ಗರಿ ಬಿಚ್ಚಿಕೊಂಡಾಗ ಕತ್ತರಿ ಆಡಿಸಿದ ಹಾಗೆ ಕಾಣುವ ಕಚ್ಚುಗಳು ಅದರದೇ ಕೆಲಸ. ಆದರೆ ಅದೇ ಸತ್ತ ಮರವೇ ಗಿಳಿಗೆ, ಗೊರವಂಕಕ್ಕೆ, ಮಡಿವಾಳ ಹಕ್ಕಿಗೆ, ಪುಟ್ಟ ಗೂಬೆಯಾದ ಹಾಲಕ್ಕಿಗೆ, ನಮ್ಮ ರಾಜ್ಯಪಕ್ಷಿ ನೀಲಕಂಠಕ್ಕೆ ಮನೆ. ಇವು ಯಾವುವೂ ಮರಕುಟಿಗನ ಹಾಗೆ ಮರ ಕೊರೆಯಲಾರವು. ಮರಕುಟಿಗ ಕೊರೆದು ಬಿಟ್ಟುಹೋದ ತೂತು, ಕೊಳೆತು ಆದ ಪೊಟರೆ, ಗೋಡೆಯ ಸಂದು, ಇಷ್ಟೇ ಅವಕ್ಕೆ ಗತಿ.

ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳ ಮೇಲೆ ಕಡ್ಡಿ ಪೇರಿಸಿ ಗೂಡು ಕಟ್ಟುತ್ತವೆ. ಅವಕ್ಕೆ ಬೇಕಾದ್ದು ಬದುಕಿರುವ ಮರ ಮತ್ತು ತಂಟೆ ಮಾಡದ ಜನ. ಪೊಟರೆಯ ಹಕ್ಕಿಗಳ ಕಷ್ಟ ಬೇರೆ. ಅವಕ್ಕೆ ಬೇಕಾದ್ದು ಮರದ ಸತ್ತ ಭಾಗ, ಅಂದರೆ ಒಲೆಗೆ ಎಲ್ಲಕ್ಕಿಂತ ಮೊದಲು ಹೋಗುವ ಭಾಗ.

ನಮ್ಮ ತೋಟದ ತೆಂಕಣ ಬದುವಿನಲ್ಲಿ ಸಿಡಿಲು ಬಡಿದ ಒಂದು ತೆಂಗು ಸುಳಿ ಕಳಚಿಕೊಂಡು ಮೊಂಡಾಗಿ ನಿಂತಿತ್ತು. ದೊಡ್ಡಪ್ಪ ಸಂಕ್ರಾಂತಿಯ ಹೊತ್ತಿಗೇ ಹೇಳಿದ್ದರು: "ಆ ಬೋಳುಮರ ನಿಲ್ಸ್ಕೊಂಡ್ರೆ ದುಂಬಿ ಸಾಕ್ದಂಗೆ ಕಣಪ್ಪ. ಕಡ್ಸಿಬಿಡು." ಅವರ ಮಾತು ಸರಿ. ಮರ ಕಡಿಯಬೇಕು, ಪೊಟರೆ ಉಳಿಯಬೇಕು. ಈ ಬೇಸಿಗೆಯ ಕೆಲಸವೆಲ್ಲ ಈ ಎರಡು ಮಾತಿನ ನಡುವೆ ನಡೆದದ್ದು.

ಕಡಿಯುವ ಮೊದಲು

ಮೊದಲ ಕೆಲಸ ಗರಗಸದ್ದಲ್ಲ, ಕಣ್ಣಿನದು. ಮೊಂಡಿನ ಮೇಲ್ಭಾಗದಲ್ಲಿ ಮೂರು ತೂತುಗಳಿದ್ದವು. ಹೊಂಬಣ್ಣದ ಬೆನ್ನಿನ ಮರಕುಟಿಗ ಹಿಂದಿನ ವರ್ಷ ಕೊರೆದದ್ದನ್ನು ನಾನೇ ನೋಡಿದ್ದೆ. ಗಿಳಿಗಳು ನಮ್ಮಲ್ಲಿ ಜನವರಿ, ಫೆಬ್ರವರಿಗೇ ಮೊಟ್ಟೆ ಇಡುವುದುಂಟು. ಆದ್ದರಿಂದ ಬೆಳಗಿನ ಚಳಿಯಲ್ಲೂ ಸಂಜೆ ಹಕ್ಕಿಗಳು ಗೂಡು ಸೇರುವ ಹೊತ್ತಿನಲ್ಲೂ ಪಂಪ್‌ಹೌಸ್ ಕಟ್ಟೆಯ ಮೇಲೆ ಕೂತು ತೂತುಗಳ ಮೇಲೆ ಕಣ್ಣಿಟ್ಟೆ. ಒಳಗೆ ಸಂಸಾರ ಇದೆಯೋ ಇಲ್ಲವೋ ಎಂದು ತಿಳಿಯಲು ಏಣಿ ಹತ್ತಬೇಕಿಲ್ಲ. ಸಂಸಾರ ಇದ್ದರೆ ಹಕ್ಕಿ ಒಂದೇ ದಾರಿಯಲ್ಲಿ ಮತ್ತೆ ಮತ್ತೆ ಬರುತ್ತದೆ, ಬಂದದ್ದು ಒಳಗೆ ಹೋಗಿ ಬೇಗ ಹೊರಬರುವುದಿಲ್ಲ, ಇಲ್ಲವೇ ಕೊಕ್ಕಿನಲ್ಲಿ ಏನಾದರೂ ಹಿಡಿದು ಬರುತ್ತದೆ. ಬರೀ ನೋಡಿಹೋಗುವ ಹಕ್ಕಿ ತೂತಿನ ಅಂಚಿಗೆ ಜೋತು, ತಲೆ ಹಾಕಿ ತೆಗೆದು, ಹಾರಿಹೋಗುತ್ತದೆ. ಒಂದು ಜೋಡಿ ಗೊರವಂಕ ಹೀಗೆ ನೋಡಿಹೋಗುತ್ತಿತ್ತು, ಅಷ್ಟೆ. ಮೂರೂ ಖಾಲಿ ಎಂದು ಖಾತ್ರಿಯಾದ ಮೇಲೆಯೇ ಕಟಿಂಗ್ ಮೆಷಿನ್‌ನವರಿಗೆ ಹೇಳಿಕಳಿಸಿದ್ದು. ಮೊಟ್ಟೆ ಅಥವಾ ಮರಿ ಇದ್ದಿದ್ದರೆ ಜೂನ್‌ವರೆಗೆ ಕಾಯುವುದೇ ದಾರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಕ್ಕಿಯ ಮೊಟ್ಟೆ, ಗೂಡು ಹಾಳುಮಾಡುವುದನ್ನೂ ಬೇಟೆ ಎಂದೇ ಹಿಡಿಯುತ್ತಾರೆ. ಕಾಯ್ದೆ ಇಲ್ಲದಿದ್ದರೂ ನಾನು ಕಾಯುತ್ತಿದ್ದೆ.

ಬುಡದ ಗಟ್ಟಿ ಭಾಗ ದನದ ಕೊಟ್ಟಿಗೆಗೆ ತೊಲೆಯಾಯಿತು. ತುದಿಯ ಮೆದು ಭಾಗದಲ್ಲಿ ದುಂಬಿಯ ಮರಿಗಳು ಆಗಲೇ ಸೇರಿದ್ದವು, ಅದನ್ನು ಅಲ್ಲೇ ಸುಟ್ಟೆವು. ನಡುವಿನ ಭಾಗ ನನ್ನ ಪಾಲಿಗೆ.

ತುಂಡಿನಿಂದ ಪೊಟರೆ

ತೆಂಗಿನ ಕಾಂಡದ ಗುಣವೇ ಈ ಕೆಲಸಕ್ಕೆ ಅನುಕೂಲ. ಹೊರಗಿನ ಎರಡು ಮೂರು ಇಂಚು ಕಬ್ಬಿಣದ ಉಳಿಯನ್ನೂ ಕೇಳದಷ್ಟು ಗಟ್ಟಿ, ಒಳಗೆ ನಾರುನಾರಾದ ಮೆದು ತಿರುಳು. ಹಲಸು, ತೇಗದ ಹಾಗೆ ನಡುವೆ ಚೇಗು ಇರುವುದಿಲ್ಲ. ದುಂಬಿಗೆ ಬೇಕಾದದ್ದು ತೇವದ ಆ ತಿರುಳು, ಹಕ್ಕಿಗೆ ಬೇಕಾದದ್ದು ಒಣಗಿದ ಆ ಗಟ್ಟಿ ಹೊರಗೋಡೆ. ತಿರುಳನ್ನೆಲ್ಲ ಕೆರೆದು ಬೆಂಕಿಗೆ ಹಾಕಿದರೆ ದೊಡ್ಡಪ್ಪನ ಆತಂಕವೂ ಹೋಯಿತು, ನನ್ನ ಗೂಡೂ ಆಯಿತು.

ಮರಕುಟಿಗ ಕೊರೆದಿದ್ದ ತೂತಿನ ಮೇಲೆ ಅರ್ಧ ಅಡಿ, ಕೆಳಗೆ ಒಂದು ಅಡಿ ಬಿಟ್ಟು ಕೊಯ್ಸಿದ ತುಂಡು ಮೊದಲನೆಯದು. ಕೊಯ್ದ ಬದಿಯಿಂದ ಟಾರ್ಚ್ ಬಿಟ್ಟು ನೋಡಿದರೆ ಆ ಹಕ್ಕಿಯ ಕಸುಬು ಕಾಣುತ್ತದೆ. ಬಾಗಿಲು ಮೂರು ಬೆರಳು ಅಗಲ, ದುಂಡಗೆ. ಒಳಗೆ ಅಡ್ಡವಾಗಿ ಗೋಡೆ ದಾಟಿದ ದಾರಿ ಮೆದು ತಿರುಳು ಸಿಕ್ಕಿದ ಕೂಡಲೇ ಕೆಳಕ್ಕೆ ತಿರುಗಿ, ಹೋಗುತ್ತಾ ಹೋಗುತ್ತಾ ಅಗಲವಾಗುತ್ತದೆ. ತಳದಲ್ಲಿ ಹಾಸಿಗೆ ಎನ್ನುವುದು ಏನೂ ಇಲ್ಲ, ಕೊರೆದಾಗ ಉದುರಿದ ಚಕ್ಕೆಪುಡಿ ಅಷ್ಟೆ. ಗೋಡೆಯ ಮೇಲೆ ಕೊಕ್ಕಿನ ಗುರುತುಗಳು ಒರಟಾಗಿ ಹಾಗೇ ಉಳಿದಿದ್ದವು. ಆ ಒರಟು ಮುಖ್ಯ. ಮರಿಗಳು ಉಗುರು ಊರಿ ಮೇಲೆ ಹತ್ತಿ ಬಾಗಿಲಿಗೆ ಬರುವುದು ಅದರಿಂದಲೇ. ನುಣುಪು ಪ್ಲೈವುಡ್‌ನ ಪೆಟ್ಟಿಗೆ ಮಾಡಿಸುವವರು ಬಾಗಿಲ ಕೆಳಗಿನ ಒಳಗೋಡೆಗೆ ಉಳಿಯಲ್ಲಿ ಅಡ್ಡಗೀರು ಹಾಕಿಸಬೇಕು.

ಉಳಿದ ಎರಡು ತುಂಡುಗಳನ್ನು ಒಂದೂವರೆ ಅಡಿ ಉದ್ದಕ್ಕೆ ಕೊಯ್ದು, ಹಾರೆಯಿಂದ ನಡುವೆ ಕುಟ್ಟಿ, ಉಳಿಯಿಂದ ಸುತ್ತ ಕೆರೆದು ಟೊಳ್ಳು ಮಾಡಿದ್ದು. ಒಳಗಿನ ಅಗಲ ಐದರಿಂದ ಆರು ಇಂಚು. ಬಾಗಿಲು ಎರಡು ಇಂಚು, ತಳದಿಂದ ಎಂಟು ಇಂಚು ಮೇಲೆ. ಪ್ಲಂಬರ್‌ಗಳು ಟ್ಯಾಂಕಿಗೆ ತೂತು ಹಾಕುವ ಹೋಲ್ ಸಾ ಇಲ್ಲಿ ಪೂರಾ ಕೆಲಸ ಮಾಡುವುದಿಲ್ಲ, ಗೋಡೆ ಅದಕ್ಕೆ ಮೀರಿದ ದಪ್ಪ. ಹೊರಗಿನಿಂದ ಅದರಲ್ಲಿ ಗುರುತು ಕಚ್ಚಿಸಿ, ಮಿಕ್ಕದ್ದನ್ನು ಉಳಿಯಲ್ಲೇ ತೆಗೆಯಬೇಕು. ಬಾಗಿಲ ದಾರಿ ಒಳಕ್ಕೆ ಹೋದಂತೆ ತುಸು ಮೇಲಕ್ಕೆ ಏರಿರಲಿ, ಮಳೆ ಎರಚಲು ಒಳಗೆ ಇಳಿಯುವುದಿಲ್ಲ.

ತಳಕ್ಕೆ ಅಡಿಕೆ ದಬ್ಬೆ ಕೊಯ್ದು ಮೊಳೆ ಹೊಡೆದೆ. ದಬ್ಬೆಗಳ ನಡುವಿನ ಸಂದೇ ನೀರು ಬಸಿಯಲು ಸಾಕು. ಮೇಲೆ ಇಳಿಜಾರಾದ ಹಲಗೆ, ಬಾಗಿಲ ಕಡೆಗೆ ಎರಡು ಇಂಚು ಮುಂದಕ್ಕೆ ಚಾಚಿದ್ದು. ಸೈಕಲ್ಲಿನ ಹಳೇ ಟ್ಯೂಬ್ ಕತ್ತರಿಸಿ ಹಿಂಬದಿಗೆ ಹೊಡೆದರೆ ಅದೇ ಕೀಲು. ಗೂಡು ತೊಳೆಯುವಾಗ ಮುಚ್ಚಳ ಎತ್ತಲು ಬೇಕು. ಬಾಗಿಲ ಮುಂದೆ ಕೂರಲು ಕಡ್ಡಿ ಇಡಲಿಲ್ಲ. ಪೊಟರೆಯ ಹಕ್ಕಿಗೆ ಕಡ್ಡಿ ಬೇಡ, ಅದು ನೇರ ಬಾಗಿಲಿಗೇ ಬಂದು ಜೋತುಬೀಳುತ್ತದೆ. ಕಡ್ಡಿ ಇಟ್ಟರೆ ಕಾಗೆ ಅದರ ಮೇಲೆ ಕೂತು ಮರಿಗೆ ಕಾಯುತ್ತದೆ. ಮಾರ್ಚ್ 20ರ ಗುಬ್ಬಚ್ಚಿ ದಿನದ ಹೊತ್ತಿಗೆ ಹಂಚುವ ಪೆಟ್ಟಿಗೆಗಳಲ್ಲಿ ಹೀಗೆ ಕಡ್ಡಿ ಇರುವುದನ್ನು ನೋಡಿದ್ದೇನೆ. ಸಿಕ್ಕವರು ಅದನ್ನು ಮುರಿದುಹಾಕಿ ಕಟ್ಟಿಕೊಳ್ಳಲಿ ಎಂಬುದು ನನ್ನ ಕೋರಿಕೆ.

ಗುಬ್ಬಚ್ಚಿಗೆ ಬೇರೆಯೇ ಲೆಕ್ಕ. ತಾತನ ಕಾಲದ ಮನೆಯಲ್ಲಿ ಕೊಬ್ಬರಿ ಅಟ್ಟ ಇತ್ತು. ಕೊಬ್ಬರಿ ಉಂಡೆಯಾಗಲೆಂದು ಕಾಯಿಗಳನ್ನು ದಬ್ಬೆಯ ಅಟ್ಟದ ಮೇಲೆ ವರ್ಷದ ಹತ್ತಿರ ಹತ್ತಿರ ಬಿಡುತ್ತಿದ್ದರು. ಗಾಳಿಯಾಡಲು ಬಿಟ್ಟ ಸಂದುಗಳಲ್ಲಿ, ಹೆಂಚಿಗೂ ತೀರಿಗೂ ನಡುವೆ ಗುಬ್ಬಚ್ಚಿಗಳು ತುಂಬಿರುತ್ತಿದ್ದವು. ಈಗಿನ ಆರ್‌ಸಿಸಿ ಮನೆಯಲ್ಲಿ ಬೆರಳು ತೂರುವ ಸಂದೂ ಇಲ್ಲ. ಒಣ ಅಡಿಕೆ ಮರದ ಒಂದು ಅಡಿ ತುಂಡುಗಳನ್ನು ಟೊಳ್ಳು ಮಾಡಿ, ಒಂದೂಕಾಲು ಇಂಚಿನ ತೂತು ಹಾಕಿ, ಕೊಟ್ಟಿಗೆಯ ಸೂರಿನ ಕೆಳಗೆ ಸಾಲಾಗಿ ಕಟ್ಟಿದೆ. ಈ ಗೋಡೆ ತೆಳು, ಹೋಲ್ ಸಾ ಸಲೀಸಾಗಿ ಇಳಿಯುತ್ತದೆ. ಒಂದೂಕಾಲು ಇಂಚು, ಅಂದರೆ 32 ಮಿಲಿಮೀಟರ್. ಇದರಲ್ಲಿ ಗುಬ್ಬಚ್ಚಿ ತೂರುತ್ತದೆ, ಗೊರವಂಕ ತೂರುವುದಿಲ್ಲ. ಬಾಗಿಲ ಅಳತೆಯೇ ಬಾಡಿಗೆದಾರ ಯಾರೆಂದು ತೀರ್ಮಾನಿಸುತ್ತದೆ. ಗುಬ್ಬಚ್ಚಿಗಳು ನಾಲ್ಕು ಮನೆ ಒಟ್ಟಿಗಿದ್ದರೆ ಇನ್ನೂ ಖುಷಿಯಾಗಿರುತ್ತವೆ, ಆದ್ದರಿಂದ ಒಂದೊಂದೇ ಅಲ್ಲಲ್ಲಿ ಕಟ್ಟುವುದಕ್ಕಿಂತ ಸಾಲು ಮೇಲು.

ಕಟ್ಟುವ ಬಗೆ

ಬದುಕಿರುವ ತೆಂಗಿಗೆ ಮೊಳೆ ಹೊಡೆಯಬಾರದು. ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬಂದು ಮೊಟ್ಟೆ ಇಡುತ್ತದೆ, ಅದು ಸೇರಿದ ಮರ ಉಳಿಯುವುದು ಕಷ್ಟ. ಆದ್ದರಿಂದ ಕಟ್ಟುವುದೇ ಸರಿ. ಹನಿ ನೀರಾವರಿಯ ಹದಿನಾರು ಎಂಎಂ ಲ್ಯಾಟರಲ್ ಪೈಪಿನ ಹಳೇ ತುಂಡುಗಳೊಳಗೆ ದಪ್ಪ ಜಿಐ ತಂತಿ ತೂರಿಸಿ, ಮೇಲೊಂದು ಕೆಳಗೊಂದು ಸುತ್ತು ಬಿಗಿದೆ. ತಂತಿ ಮರಕ್ಕೆ ತಾಗುವುದಿಲ್ಲ, ಪೈಪು ತಾಗುತ್ತದೆ. ತೆಂಗಿನ ಕಾಂಡ ವರ್ಷವರ್ಷ ದಪ್ಪವಾಗುತ್ತಾ ಹೋಗುವುದಿಲ್ಲ, ಹಾಗಾಗಿ ಕಟ್ಟು ಕಚ್ಚಿಕೊಳ್ಳುವ ಭಯವಿಲ್ಲ. ಹೊಂಗೆ, ಬೇವಿಗೆ ಕಟ್ಟುವುದಾದರೆ ಮಾತ್ರ ಪ್ರತಿವರ್ಷ ಬಿಚ್ಚಿ ಸಡಿಲಿಸಬೇಕು, ಇಲ್ಲವಾದರೆ ತಂತಿ ತೊಗಟೆಯೊಳಗೆ ಇಳಿಯುತ್ತದೆ.

ಬಾಗಿಲು ಮೂಡಣಕ್ಕೆ. ಪಡುವಣ ಬಿಸಿಲು ಏಪ್ರಿಲ್‌ನಲ್ಲಿ ಮರಿಗಳನ್ನು ಬೇಯಿಸಿಬಿಡುತ್ತದೆ. ಬುಡದಿಂದ ಆಳೆತ್ತರದಲ್ಲಿ ತಗಡಿನ ಪಟ್ಟಿಯನ್ನೂ ತಂತಿಯಲ್ಲೇ ಸುತ್ತಿದೆ. ಎಳನೀರು ಕೊರೆಯುವ ಇಲಿಗೆ ತೋಟದಲ್ಲಿ ಮಾಡುವ ಉಪಾಯವೇ ಇದು, ಬೆಕ್ಕಿಗೂ ಆಗುತ್ತದೆ.

ಮರಕುಟಿಗನ ತುಂಡನ್ನು ಏಣಿ ಎಟಕುವಷ್ಟು ಮೇಲೆ, ಇನ್ನೊಂದನ್ನು ಹಿತ್ತಲ ಸೀಬೆಗಿಡದ ಪಕ್ಕ ಏಳಡಿ ಎತ್ತರಕ್ಕೆ ಕಟ್ಟಿದ್ದು ಬೇಕೆಂದೇ. ಎರಡು ಇಂಚಿನ ಬಾಗಿಲಿಗೆ ಮಡಿವಾಳವೂ ಬರುತ್ತದೆ, ಗೊರವಂಕವೂ ಬರುತ್ತದೆ. ಜಗಳಕ್ಕೆ ನಿಂತರೆ ಗೊರವಂಕದ್ದೇ ಮೇಲುಗೈ. ಅದಕ್ಕೆ ಮೊದಲೇ ಎತ್ತರದಲ್ಲಿ ಒಳ್ಳೆಯ ಮನೆ ಕೊಟ್ಟುಬಿಟ್ಟರೆ ಕೆಳಗಿನದು ಮಡಿವಾಳಕ್ಕೆ ಉಳಿಯಬಹುದು ಎಂಬುದು ನನ್ನ ಲೆಕ್ಕ.

ಶಿವರಾತ್ರಿ: ಬಾನಿ

ಚಳಿ ಶಿವಶಿವ ಅಂತ ಹೋದ ಮೇಲೆ ನೀರಿನ ಕೆಲಸ. ದನಗಳ ಹಳೇ ಕಲ್ಲುಬಾನಿ ಬಿರುಕು ಬಿಟ್ಟು ಮೂಲೆಯಲ್ಲಿತ್ತು. ಬಿರುಕನ್ನು ಉಳಿಯಿಂದ ಅಗಲಿಸಿ, ಧೂಳು ತೊಳೆದು, ಒಂದಕ್ಕೆ ಮೂರು ಸಿಮೆಂಟು ಮರಳಿಗೆ ವಾಟರ್‌ಪ್ರೂಫ್ ಪುಡಿ ಬೆರೆಸಿ ತುಂಬಿದೆ. ವಾರ ಪೂರ್ತಿ ಒದ್ದೆ ಗೋಣಿ ಹೊದಿಸಿ ಕ್ಯೂರಿಂಗ್ ಮಾಡಿ, ಸಿಮೆಂಟಿನ ಸುಣ್ಣದ ಅಂಶ ಹೋಗುವವರೆಗೆ ನೀರು ತುಂಬಿ ಚೆಲ್ಲಿದ ಮೇಲೆ ಹಕ್ಕಿಗಳಿಗೆ ಬಿಟ್ಟದ್ದು.

ಬಾನಿ ಹಾಗೇ ತುಂಬಿದರೆ ಗುಬ್ಬಚ್ಚಿ ಮುಳುಗುತ್ತದೆ. ಚಪ್ಪಡಿ ಚೂರು, ಜಲ್ಲಿ ಹಾಕಿ ಒಂದು ಕಡೆ ಸೊನ್ನೆಯಿಂದ ಶುರುವಾಗಿ ಇನ್ನೊಂದು ಕಡೆ ಎರಡು ಇಂಚು ಆಳವಾಗುವ ಇಳಿಜಾರು ಮಾಡಿದೆ. ಮೇಲ್ಮೈ ಒರಟಾಗಿಯೇ ಬಿಟ್ಟೆ, ಕಾಲು ಜಾರಬಾರದು. ಬಾನಿಗೂ ದಾಸವಾಳದ ಪೊದೆಗೂ ಎಂಟು ಹತ್ತು ಅಡಿ ದೂರ. ಬಿಜ್ಜು ಎಂಬ ಗಿಡುಗ ಎರಗಿದರೆ ಹಾರಿ ಪೊದೆ ಸೇರುವಷ್ಟು ಹತ್ತಿರ, ಪೊದೆಯಲ್ಲಿ ಅವಿತ ಬೆಕ್ಕು ಒಂದೇ ನೆಗೆತಕ್ಕೆ ಹಿಡಿಯಲಾಗದಷ್ಟು ದೂರ.

ನಿಂತ ನೀರಿಗಿಂತ ತೊಟ್ಟಿಕ್ಕುವ ನೀರಿಗೆ ಹಕ್ಕಿ ಬೇಗ ಬರುತ್ತದೆ. ಸದ್ದು ಕೇಳಿ ಬರುತ್ತದೆ. ತೋಟದ ಮೋಟಾರಿಗೆ ತ್ರೀ ಫೇಸ್ ಕರೆಂಟು ಬರುವ ಹೊತ್ತನ್ನು ನಂಬಿಕೊಂಡರೆ ಆಗದು, ಅದಕ್ಕೆ ಕೊಟ್ಟಿಗೆಯ ಪಕ್ಕದ ಕಟ್ಟೆಯ ಮೇಲೆ ಇನ್ನೂರು ಲೀಟರಿನ ನೀಲಿ ಡ್ರಮ್ಮು ಇಟ್ಟು, ಲ್ಯಾಟರಲ್ ಎಳೆದು, ತುದಿಗೆ ನಾಲ್ಕು ಲೀಟರಿನ ಸಾದಾ ಡ್ರಿಪ್ಪರ್ ಹಾಕಿದೆ. ಡ್ರಿಪ್ಪರಿನ ಮೇಲೆ ಬರೆದಿರುವ ಗಂಟೆಗೆ ನಾಲ್ಕು ಲೀಟರ್ ಎನ್ನುವುದು ಹತ್ತು ಮೀಟರ್ ನೀರಿನ ಒತ್ತಡಕ್ಕೆ. ಎರಡು ಮೀಟರ್ ಎತ್ತರದ ಡ್ರಮ್ಮಿನಿಂದ ಎರಡು ಲೀಟರಿಗೂ ಸ್ವಲ್ಪ ಕಡಿಮೆಯೇ ಬರುತ್ತದೆ, ನಮಗೆ ಅಷ್ಟೇ ಸಾಕು. ಒತ್ತಡ ಹೆಚ್ಚುಕಡಿಮೆಯಾದರೂ ಒಂದೇ ಸಮ ನೀರು ಬಿಡುವ ಪ್ರೆಷರ್ ಕಾಂಪನ್ಸೇಟಿಂಗ್ ಡ್ರಿಪ್ಪರ್ ಕೊಳ್ಳಬೇಡಿ, ಇಷ್ಟು ಕಡಿಮೆ ಒತ್ತಡಕ್ಕೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಬಾನಿ ತುಂಬಿ ಹರಿದದ್ದು ಕರಿಬೇವಿನ ಪಾತಿಗೆ. ನಮ್ಮ ಬೋರ್‌ವೆಲ್ ನೀರು ಗಡಸು, ಡ್ರಿಪ್ಪರಿನ ಬಾಯಿಗೆ ಬಿಳಿ ಪೊರೆ ಕಟ್ಟುತ್ತದೆ. ನಿಂಬೆರಸದಲ್ಲಿ ರಾತ್ರಿಯಿಡೀ ನೆನೆಸಿದರೆ ಬಿಡುತ್ತದೆ. ಎರಡು ದಿನಕ್ಕೊಮ್ಮೆ ಬಾನಿ ಬಸಿದು ತೆಂಗಿನ ನಾರಿನಲ್ಲಿ ಉಜ್ಜಿದರೆ ಪಾಚಿಯೂ ಇಲ್ಲ, ಸೊಳ್ಳೆಯೂ ಇಲ್ಲ.

ಮೊದಲು ಬಂದವು ಹರಟೆಮಲ್ಲಗಳು. ಗುಂಪಿನಲ್ಲಿ ಬಂದು, ಒಂದು ನೀರಿಗಿಳಿದರೆ ಉಳಿದವು ಅಂಚಿನಲ್ಲಿ ಸಾಲಾಗಿ ನಿಂತು, ಸರದಿಯಂತೆ ಮಿಂದು, ಮತ್ತೆ ಪೊದೆಯಲ್ಲಿ ಒಂದನ್ನೊಂದು ಒತ್ತಿ ಕೂತು ಗರಿ ಒಣಗಿಸಿಕೊಳ್ಳುತ್ತವೆ. ಪಿಕಳಾರ ಬಂದರೆ ನೀರು ಎರಚಿ ಬಾನಿಯನ್ನೇ ಅರ್ಧ ಖಾಲಿ ಮಾಡುತ್ತದೆ. ಚಳಿಗಾಲಕ್ಕೆ ಬಂದು ಇನ್ನೂ ಹೊರಡದೆ ಉಳಿದಿದ್ದ ಒಂದು ರಾಜಹಕ್ಕಿ ಮಾತ್ರ ಬಾನಿಯ ಅಂಚಿಗೆ ಕೂರಲೇ ಇಲ್ಲ. ಸೀಬೆ ಕೊಂಬೆಯಿಂದ ನೇರ ಜಾರಿ, ಎದೆ ನೀರಿಗೆ ತಾಗಿಸಿ, ಉದ್ದ ಬಾಲ ಎಳೆದುಕೊಂಡು ಹಾಗೇ ಮೇಲೇರಿ ಮತ್ತೆ ಅದೇ ಕೊಂಬೆಗೆ. ಎಷ್ಟು ಸಲ ನೋಡಿದರೂ ಕಣ್ಣು ತಣಿಯದು. ಬಿಸಿಲು ಏರಿದಂತೆ ಜೇನ್ನೊಣಗಳೂ ಬಂದು ಅಂಚನ್ನೆಲ್ಲ ಮುತ್ತಿದವು. ಅವಕ್ಕೆ ಬೇರೆ ಕಡೆ ಒಂದು ಗೋಣಿಚೀಲ ಒದ್ದೆ ಮಾಡಿ ಹಾಕಿದ ಮೇಲೆ ಹಕ್ಕಿಗಳಿಗೆ ಜಾಗ ಬಿಟ್ಟುಕೊಟ್ಟವು.

ಯುಗಾದಿಯಿಂದ ಭರಣಿ ಮಳೆಯವರೆಗೆ

ಮೇಲಿನ ತುಂಡಿಗೆ ಗೊರವಂಕಗಳು ಬಂದದ್ದು ನಿರೀಕ್ಷೆಯಂತೆಯೇ. ಒಣಹುಲ್ಲು, ಬೇರು, ಕೋಳಿಪುಕ್ಕ, ಶಾಂಪೂ ಪೊಟ್ಟಣದ ಚೂರು, ಎಲ್ಲವನ್ನೂ ತುಂಬಿದವು. ಏಳಡಿಯದಲ್ಲದ, ಎರಡು ಇಂಚಿನ ಬಾಗಿಲಿನ ಇನ್ನೊಂದು ತುಂಡಿಗೆ ಅಳಿಲು ಸೇರಿತು. ಬಾಗಿಲನ್ನು ಕಡಿದು ಅಗಲ ಮಾಡುತ್ತಿದ್ದುದರಿಂದ ಸುತ್ತ ತಗಡಿನ ಬಿಲ್ಲೆ ಹೊಡೆದೆ, ಅಂಚನ್ನು ಅರದಲ್ಲಿ ಉಜ್ಜಿ ನುಣುಪು ಮಾಡಿ. ಅಳಿಲೂ ಇರಲಿ.

ಮಡಿವಾಳ ಹಕ್ಕಿ ಚಳಿಗಾಲವೆಲ್ಲ ಕೊಟ್ಟಿಗೆಯ ಹಿಂದೆ ಸದ್ದಿಲ್ಲದೆ ಓಡಾಡಿಕೊಂಡಿರುತ್ತದೆ. ಹೊಂಗೆ ಹೂಬಿಟ್ಟ ಹೊತ್ತಿಗೆ ಅದೇ ಗಂಡು ಟಿವಿ ಡಿಷ್‌ನ ತುದಿಗೇರಿ ನಸುಕಿನಲ್ಲೇ ಹಾಡಲು ಶುರುಮಾಡಿತು. ಹಾಡುವುದು ಗಂಡು, ಗೂಡು ಕಟ್ಟುವುದು ಹೆಣ್ಣು. ಗಂಡು ಮಿರಿಮಿರಿ ಕಪ್ಪು, ಹೆಣ್ಣು ಬೂದಿ ಬಣ್ಣ. ಏಳಡಿಯ ತುಂಡಿನ ಬಾಗಿಲಲ್ಲಿ ಹೆಣ್ಣು ತೆಂಗಿನ ಗರಿಯ ಸೀಳು ಹಿಡಿದು ಬಂದು, ಅಡ್ಡ ಹಿಡಿದದ್ದು ತೂರದೆ, ಕೊಕ್ಕಿನಲ್ಲೇ ಸರಿಸುತ್ತಾ ಸರಿಸುತ್ತಾ ತುದಿಗೆ ಹಿಡಿದು, ಎಳೆದುಕೊಂಡು ಒಳಗೆ ಹೋದದ್ದನ್ನು ಅಡುಗೆಮನೆ ಕಿಟಕಿಯಿಂದ ಅಮ್ಮ ಮೊದಲು ನೋಡಿದ್ದು. ಅಲ್ಲಿಂದ ಮುಂದೆ ಹಿತ್ತಲಲ್ಲಿ ಪಾತ್ರೆ ತೊಳೆಯುವ ಜಾಗವನ್ನೇ ಅಮ್ಮ ಬದಲಿಸಿದರು. ಮುಚ್ಚಳ ಎತ್ತಿ ನೋಡೋಣ ಎಂದ ಮಕ್ಕಳಿಗೆ ಬಿಡಲಿಲ್ಲ. ಹೆಣ್ಣು ಒಳಗೇ ಕೂರತೊಡಗಿದರೆ ಮೊಟ್ಟೆ ಇದೆ ಎಂದರ್ಥ. ಹುಳ ಹಿಡಿದು ಎರಡೂ ಓಡಾಡಿದರೆ ಮರಿ ಆಗಿದೆ ಎಂದರ್ಥ. ಹೊರಗೆ ಕೂತೇ ಎಲ್ಲ ತಿಳಿಯುತ್ತದೆ.

ಬಿಸಿಲು ಬಲಿತಾಗ ಗುಬ್ಬಚ್ಚಿಯ ಅಡಿಕೆ ತುಂಡುಗಳು ಕಾಯುತ್ತಿದ್ದವು, ಗೋಡೆ ತೆಳುವಲ್ಲವೇ. ಮೇಲೆ ಅಡಿಕೆ ಹಾಳೆಯನ್ನು ಎರಡು ಬೆರಳು ಸಂದು ಬಿಟ್ಟು ಕಟ್ಟಿದೆ. ನಡುವೆ ಗಾಳಿ ಹರಿಯುವುದರಿಂದ ಶಾಖ ಕೆಳಗಿಳಿಯುವುದಿಲ್ಲ. ತೆಂಗಿನ ತುಂಡುಗಳಿಗೆ ಇದು ಬೇಕಾಗಲಿಲ್ಲ. ಮಡಿವಾಳದ ಗೂಡಿನ ಕಡೆಗೆ ಕೆಂಜಿಗದ ಸಾಲು ಹತ್ತುವುದು ಕಂಡಾಗ ತಗಡಿನ ಪಟ್ಟಿಯ ಕೆಳಗೆ, ಹಕ್ಕಿ ತಾಗದ ಜಾಗದಲ್ಲಿ, ಬಟ್ಟೆ ಸುತ್ತಿ ಗ್ರೀಸ್ ಹಚ್ಚಿದೆ. ಗೂಡಿನ ಹತ್ತಿರ ಗ್ರೀಸ್ ಬೇಡವೇ ಬೇಡ. ಗರಿಗೆ ಮೆತ್ತಿಕೊಂಡರೆ ಹಕ್ಕಿಯ ಗತಿ ಮುಗಿಯಿತು.

ಇನ್ನೊಂದು ಮಾತು. ಗೊಬ್ಬರದ ಚೀಲ ಬಿಚ್ಚಿದ ನೈಲಾನ್ ದಾರವನ್ನು ತೋಟದಲ್ಲಿ ಬಿಸಾಡಬೇಡಿ. ಗುಬ್ಬಚ್ಚಿ ಅದನ್ನು ನಾರೆಂದು ಗೂಡಿಗೆ ಒಯ್ಯುತ್ತದೆ, ಮರಿಯ ಕಾಲಿಗೆ ಸುತ್ತಿಕೊಳ್ಳುತ್ತದೆ, ಮರಿ ಹಾರಲಾಗದೆ ಗೂಡಿನ ಬಾಯಲ್ಲೇ ತೂಗುತ್ತದೆ. ನಮ್ಮ ಕೊಟ್ಟಿಗೆಯಲ್ಲಿ ಈಗ ದಾರಕ್ಕೆಂದೇ ಒಂದು ಡಬ್ಬ ಇದೆ. ಬದಲಿಗೆ ರಾಗಿ ಹುಲ್ಲು, ಬಿಡಿಸಿದ ತೆಂಗಿನ ನಾರನ್ನು ಮೆದೆಯ ಪಕ್ಕ ಇಟ್ಟರೆ ಅದನ್ನೇ ಒಯ್ಯುತ್ತವೆ. ರಾಗಿ ತೆನೆ ತೂಗುಹಾಕುವುದು ಒಳ್ಳೆಯದೇ, ಆದರೆ ಗುಬ್ಬಚ್ಚಿ ಮರಿಗೆ ಮೊದಲ ದಿನಗಳಲ್ಲಿ ಬೇಕಾದ್ದು ಕಾಳಲ್ಲ, ಹುಳ. ಹಿತ್ತಲ ಅವರೆ ಚಪ್ಪರಕ್ಕೆ ಔಷಧಿ ಹೊಡೆಯುವುದನ್ನು ನಿಲ್ಲಿಸಿದ್ದರಿಂದ ಅದೂ ಸಿಕ್ಕಿತು.

ಭರಣಿ ಮಳೆ ಗಾಳಿ ಸಮೇತ ಬಂತು. ಮೇಲಿನ ತುಂಡಿನ ಕಟ್ಟು ಒಂದಿಂಚು ಜಾರಿದ್ದು ಬಿಟ್ಟರೆ ಎಲ್ಲ ಗಟ್ಟಿಯಾಗಿತ್ತು. ಗೊರವಂಕದ ಮರಿ ಆಗಲೇ ಹಾರಿದ್ದರಿಂದ ಹತ್ತಿ ಬಿಗಿದೆ. ಮಡಿವಾಳದ ಮರಿಗಳು ಮಳೆ ನಿಂತ ಮಾರನೇ ಬೆಳಿಗ್ಗೆ ಹೊರಬಂದವು. ಎದೆಯ ಮೇಲೆ ಕಂದು ಚುಕ್ಕೆ, ಮೊಂಡು ಬಾಲ, ಸೀಬೆಗಿಡದ ಕೆಳಕೊಂಬೆಯಲ್ಲಿ ಮೂರು. ಅಪ್ಪ ಅಮ್ಮ ಇಬ್ಬರೂ ಅವಕ್ಕೆ ಎರೆಹುಳ ತಂದು ತಂದು ಹಾಕುತ್ತಿದ್ದವು. ಅಮ್ಮ ಬೆಕ್ಕನ್ನು ಎರಡು ದಿನ ಒಳಗೇ ಕೂಡಿಹಾಕಿದರು.

ಗೂಡು ತೊಳೆಯುವುದು ಎಲ್ಲ ಮುಗಿದ ಮೇಲೆ. ಗುಬ್ಬಚ್ಚಿ, ಮಡಿವಾಳ ಎರಡೂ ಒಂದೇ ವರ್ಷದಲ್ಲಿ ಮತ್ತೊಮ್ಮೆ ಮೊಟ್ಟೆ ಇಡುವುದುಂಟು, ಆದ್ದರಿಂದ ಮೊದಲ ಮರಿ ಹಾರಿದ ಕೂಡಲೇ ಕೈ ಹಾಕುವುದಿಲ್ಲ. ಮಳೆಗಾಲ ಕಳೆದ ಮೇಲೆ ಹಳೇ ಹಾಸಿಗೆ ತೆಗೆದು ಸುಟ್ಟು, ಕುದಿವ ನೀರು ಸುರಿದು, ಬಿಸಿಲಲ್ಲಿ ಒಣಗಿಸಿ, ದಬ್ಬೆ ಸಡಿಲವಾಗಿದ್ದರೆ ಬದಲಿಸಿ ಮತ್ತೆ ಕಟ್ಟುತ್ತೇನೆ. ಹೇನು, ಉಣ್ಣೆಗೆ ಅಷ್ಟು ಸಾಕು, ಪುಡಿ ಔಷಧಿ ಏನೂ ಹಾಕುವುದಿಲ್ಲ.

ಪಕ್ಕದ ತೋಟದವರೂ ಮೊನ್ನೆ ಒಂದು ಒಣಮರ ಕಡಿಸಿದರು. ದೊಡ್ಡಪ್ಪ ತಾವೇ ಹೋಗಿ ನಡುವಿನ ಎರಡು ತುಂಡು ಎತ್ತಿಸಿಕೊಂಡು ಬಂದು ಕೊಟ್ಟಿಗೆಯಲ್ಲಿ ನಿಲ್ಲಿಸಿದ್ದಾರೆ. ಅವು ಹಾಲಕ್ಕಿಗೆ. ಒಳಗಲ ಎಂಟು ಇಂಚು, ಬಾಗಿಲು ಮೂರು ಇಂಚು, ತಳದಲ್ಲಿ ಒಂದು ಹಿಡಿ ಒಣ ಚಕ್ಕೆಪುಡಿ. ದುಂಬಿ ತಿನ್ನುವ ಹಕ್ಕಿ ಎಂದು ದೊಡ್ಡಪ್ಪನಿಗೆ ಅದರ ಮೇಲೆ ಹೆಚ್ಚು ಪ್ರೀತಿ. ಹಾಲಕ್ಕಿ ನವೆಂಬರ್‌ನಿಂದಲೇ ಪೊಟರೆ ಹುಡುಕುತ್ತದೆ, ಹಾಗಾಗಿ ದೀಪಾವಳಿಗೆ ಮುಂಚೆ ಇವನ್ನು ಬದುವಿನ ಹುಣಸೆಗೆ ಕಟ್ಟಬೇಕು.